ಪೆಟ್ಟಿಗೆಯೊಳಗಿನ ನೀರು

ಒಂದು ಹೊಳೆ, ಅದರ ದಂಡೆಗೆ ಒಂದು ಆಶ್ರಮ. ಹೊಳೆಯ ಹೆಸರು ಕಟ್ಟಿಕೊಂಡು ನಮಗೇನಾಗಬೇಕು, ಬಿಡಿ. ಯಾವ ಹೊಳೆಯ ದಂಡೆಯಲ್ಲಾದರೂ ನಡೆದಿರಬಹುದಾದ ಸಂಗತಿ ಇದು.

ಆಶ್ರಮದ ಹೆಬ್ಬಾಗಿಲಿಗೆ ಅಂಟಿಕೊಂಡ ಹಾಗೆ ಓದುವ ಕೋಣೆಯೊಂದಿತ್ತು. ಅದರ ಮೂಲೆಯಲ್ಲಿ ಜೆರಾಕ್ಸ್ ಮಿಷನ್ ಇಟ್ಟಿದ್ದರು. ರಸ್ತೆ ದಾಟಿದರೆ ತಾಲ್ಲೂಕು ಕಚೇರಿ, ಹಾಗಾಗಿ ಕಾಗದಪತ್ರ ಹಿಡಿದುಕೊಂಡು ಬರುವ ಜನಕ್ಕೆ ಕೊರತೆಯಿರಲಿಲ್ಲ.

ಮಿಷನ್ನಿನ ಮಗ್ಗುಲಿಗೆ ಕಬ್ಬಿಣದ ಒಂದು ಪೆಟ್ಟಿಗೆ. ಮೇಲೆ ನಾಣ್ಯ ಹಾಕುವ ಸೀಳು, ಕೆಳಗೆ ಚಿಲ್ಲರೆ ಬೀಳುವ ಬಟ್ಟಲು, ಬಲಗಡೆ ಕಾರ್ಡ್ ತೂರಿಸುವ ಜಾಗ. ದಿನಾ ಓದಲು ಬರುವ ಹುಡುಗರು ಕಾರ್ಡ್ ಮಾಡಿಸಿಕೊಂಡಿದ್ದರು. ಎಂದೋ ಒಮ್ಮೆ ಬರುವವರು ನಾಣ್ಯ ಹಾಕುತ್ತಿದ್ದರು. ಹಾಕಿದ ನಾಣ್ಯ ಸಾಚಾ ಎಂದು ಪೆಟ್ಟಿಗೆಗೆ ಅನಿಸಿದರೆ ಹಸಿರು ದೀಪ ಹತ್ತುತ್ತಿತ್ತು. ಅನಿಸದಿದ್ದರೆ ನಾಣ್ಯ ಟಣ್ ಎಂದು ಬಟ್ಟಲಿಗೆ ವಾಪಸ್ ಬೀಳುತ್ತಿತ್ತು.

"ದುಡ್ಡು ಇಸಕೊಳ್ಳೋಕೆ ಒಬ್ಬರನ್ನ ಕೂರಿಸಿದ್ರೆ ಆಗ್ತಿರಲಿಲ್ವೇ, ಸ್ವಾಮಿ?" ಎಂದು ಊರಿನವರು ಕೇಳಿದ್ದುಂಟು.

"ಕೂತವರು ಬಂದವರ ಮುಖ ನೋಡ್ತಾರೆ. ಪೆಟ್ಟಿಗೆ ನೋಡಲ್ಲ," ಎಂದಿದ್ದರು ಗುರುಗಳು.

ಈ ಪೆಟ್ಟಿಗೆಯನ್ನು ನೋಡಿಕೊಳ್ಳುವ ಕೆಲಸ ಶಂಭುಲಿಂಗನ ಪಾಲಿಗೆ ಬಂದಿತ್ತು. ಕಾಲೇಜು ಮುಗಿಸಿ, ಮನೆಯವರ ಮಾತು ಮೀರಿ, ದೀಕ್ಷೆ ಬೇಕೆಂದು ಬಂದ ಹುಡುಗ ಅವನು. ದೇವರನ್ನು ಹುಡುಕಿಕೊಂಡು ಬಂದವನ ಕೈಗೆ ಗುರುಗಳು ಬೀಗದ ಕೈ ಕೊಟ್ಟಿದ್ದರು.

ಸಂಜೆ ಪೆಟ್ಟಿಗೆ ತೆಗೆದು ನಾಣ್ಯ ಬಳಿದುಕೊಳ್ಳಬೇಕು. ಬೆಳಿಗ್ಗೆ ಚಿಲ್ಲರೆಯ ಕೊಳವೆ ತುಂಬಬೇಕು. ನಾಣ್ಯ ಉರುಳುವ ದಾರಿಯ ದೂಳು ಒರೆಸಬೇಕು. ಕಾರ್ಡ್ ಓದುವ ಜಾಗವನ್ನು ಮೆತ್ತನೆ ಬಟ್ಟೆಯಿಂದ ಉಜ್ಜಬೇಕು. ಶಂಭು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ, ಒಳಗೊಳಗೇ ಬೇಯುತ್ತಲೂ ಇದ್ದ. ಅವನಾದ ಮೇಲೆ ಬಂದವರಿಗೆಲ್ಲ ದೀಕ್ಷೆ ಆಗಿತ್ತು.

ಅದರ ಮೇಲೆ ಇನ್ನೊಂದು ಸುದ್ದಿ ಬಂತು. ಗುರುಗಳಿಗೆ ವಯಸ್ಸಾಗಿತ್ತು. ಬರುವ ಹುಣ್ಣಿಮೆಯ ಸಂಜೆಯಿಂದ ಅವರು ಮೌನಕ್ಕೆ ಕೂರುತ್ತಾರಂತೆ. ಆಮೇಲೆ ಯಾರಿಗೂ ದೀಕ್ಷೆ ಇಲ್ಲ, ಮಾತೂ ಇಲ್ಲ.

ಶಂಭು ಊಟ ಅರ್ಧಕ್ಕೇ ಬಿಟ್ಟ. ಎದ್ದವನೇ ಗುರುಗಳ ಮುಂದೆ ಹೋಗಿ ಕೈ ಮುಗಿದು ನಿಂತ.

"ನನ್ನದು ಯಾವಾಗ, ಗುರುಗಳೇ?"

"ಪೆಟ್ಟಿಗೆ ಸರಿ ಇದೆಯಾ?"

ಶಂಭು ತಲೆ ತಗ್ಗಿಸಿದ. ಸರಿ ಇರಲಿಲ್ಲ. ಕೆಲವು ದಿನಗಳಿಂದ ಅದು ಒಳ್ಳೆಯ ನಾಣ್ಯವನ್ನೂ ಉಗಿಯುತ್ತಿತ್ತು. ಒಮ್ಮೆ ನುಂಗಿದರೆ ಇನ್ನೊಮ್ಮೆ ವಾಪಸ್. ಜನ ಗೊಣಗುತ್ತಿದ್ದರು.

ಗುರುಗಳು ಎದ್ದು ಬಂದು ಪೆಟ್ಟಿಗೆಯ ಬಾಗಿಲು ತೆಗೆಸಿದರು. ನಾಣ್ಯ ಉರುಳುವ ಪಟ್ಟಿಯನ್ನು ತಾವೇ ಬಿಚ್ಚಿ ಬೆಳಕಿಗೆ ಹಿಡಿದರು. ಅಂಚಿನುದ್ದಕ್ಕೂ ಹಸಿರು ಕಟ್ಟಿತ್ತು.

"ಏನಿದು?"

"ಕಿಲುಬು."

"ಕಿಲುಬು ಎಲ್ಲಿಂದ ಬಂತು?"

"ನೀರಿನಿಂದ."

"ನೀರು ಎಲ್ಲಿಂದ ಬಂತು?"

ಶಂಭು ಸೂರು ನೋಡಿದ, ಕಿಟಕಿ ನೋಡಿದ, ನೆಲ ನೋಡಿದ.

ಗುರುಗಳು ಪಟ್ಟಿಯನ್ನು ಅವನ ಕೈಗಿಟ್ಟರು. "ಅದನ್ನ ಹುಡುಕು. ನೀರು ಎಲ್ಲಿಂದ ಬಂತು ಅಂತ ಹುಣ್ಣಿಮೆಯೊಳಗೆ ಬಂದು ಹೇಳು. ದೀಕ್ಷೆ ಕೊಡ್ತೀನಿ."

ಇಷ್ಟು ದಿನ ಕಾದವನಿಗೆ ಇದಕ್ಕಿಂತ ಸುಲಭದ ಮಾತು ಸಿಕ್ಕೀತೇ? ಶಂಭು ಅಂದೇ ಮಾಡು ಹತ್ತಿದ. ಒಂದೊಂದು ಹೆಂಚನ್ನೂ ತಟ್ಟಿ ನೋಡಿದ. ಒಡಕು ಕಂಡದ್ದನ್ನು ಬದಲಾಯಿಸಿದ.

ಮತ್ತೆ ಕಿಲುಬು ಬಂತು.

ಹೊಳೆಯ ಗಾಳಿಯೇ ಇರಬೇಕು ಎಂದುಕೊಂಡು ಆ ಕಡೆಯ ಕಿಟಕಿಗೆ ಗೋಣಿತಾಟು ಕಟ್ಟಿದ. ನೆಲ ಒರೆಸುವುದನ್ನು ನಿಲ್ಲಿಸಿ ಬರೀ ಗುಡಿಸಿದ. ಸಂಜೆಗೆ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ. ನೀರಿನ ಬಾಟಲಿ ಹಿಡಿದು ಬಂದ ಹುಡುಗರನ್ನು ಕೂಡ ಮಿಷನ್ನಿನ ಹತ್ತಿರ ಸುಳಿಯಗೊಡಲಿಲ್ಲ.

ಕಿಲುಬು ಬರುವುದು ನಿಲ್ಲಲಿಲ್ಲ. ಚಿಲ್ಲರೆಯ ಕೊಳವೆಯೊಳಗೂ ಅದು ಹಬ್ಬಿತು. ಹುಣ್ಣಿಮೆ ಹತ್ತಿರ ಬರುತ್ತ ಬರುತ್ತ ಶಂಭುವಿನ ಮುಖ ಸಣ್ಣದಾಯಿತು.

ಒಂದು ಕೆಲಸವನ್ನು ಮಾತ್ರ ಅವನು ಎಂದೂ ತಪ್ಪಿಸುತ್ತಿರಲಿಲ್ಲ. ಉಗ್ರಾಣ ನೋಡಿಕೊಳ್ಳುವ ರುದ್ರಯ್ಯ ಮೊದಲ ದಿನವೇ ಕಲಿಸಿಕೊಟ್ಟದ್ದು ಅದು. "ಹೊರಗಿನ ದುಡ್ಡು ನೀರು ಕಾಣದೆ ಒಳಗೆ ಬರಬಾರದು ಕಣಪ್ಪಾ. ಇಲ್ಲಿ ಮೊದಲಿಂದ ನಡೆದು ಬಂದದ್ದು." ಆ ಪ್ರಕಾರ ಶಂಭು ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಹೊಳೆಯ ಮೆಟ್ಟಿಲ ಮೇಲೆ ಕೂತು, ಹಿಂದಿನ ಸಂಜೆಯ ನಾಣ್ಯಗಳ ಮೇಲೆ ತಾಮ್ರದ ಚೊಂಬಿನಿಂದ ನೀರು ಹುಯ್ಯುತ್ತಿದ್ದ. ವಸ್ತ್ರದಲ್ಲಿ ಒಂದು ಸಲ ಒತ್ತಿ ಒರೆಸಿ, ಉಗ್ರಾಣದ ಪಾಲು ಉಗ್ರಾಣಕ್ಕೆ ಕೊಟ್ಟು, ಉಳಿದದ್ದನ್ನು ಚಿಲ್ಲರೆಯ ಕೊಳವೆಗೆ ತುಂಬುತ್ತಿದ್ದ.

ಊರೆಲ್ಲ ನೀರು ಹುಡುಕಿದ ಪುಣ್ಯಾತ್ಮನಿಗೆ ತನ್ನ ಚೊಂಬು ಕಾಣಲಿಲ್ಲ. ಪೂಜೆ ಎಂದುಕೊಂಡು ಮಾಡಿದ್ದನ್ನು ಯಾರು ತಾನೆ ತಿರುಗಿ ನೋಡುತ್ತಾರೆ?

ಹುಣ್ಣಿಮೆಯ ಬೆಳಿಗ್ಗೆ ಅವನು ಹಾಗೆಯೇ ಕೂತು ನೀರು ಹುಯ್ಯುತ್ತಿದ್ದಾಗ, ಮೇಲಿನ ಮೆಟ್ಟಿಲಲ್ಲಿ ಮುದುಕರೊಬ್ಬರು ಕೂತಿದ್ದರು. ಒಗೆದ ಬಿಳಿ ಅಂಗಿ, ಮಡಿಲಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲ. ಕಚೇರಿ ತೆಗೆಯುವುದನ್ನು ಕಾಯುತ್ತಿದ್ದರು.

"ಏನ್ ಮಾಡ್ತಿದ್ದೀರಿ, ಮರಿಸ್ವಾಮ್ಯೋರೆ?"

"ದುಡ್ಡು ತೊಳೀತಿದ್ದೀನಿ, ಯಜಮಾನ್ರೆ."

"ಈಗಲೂನಾ?" ಎಂದರು ಮುದುಕರು.

ಶಂಭುವಿನ ತಲೆಯೆಲ್ಲ ಆ ಸಂಜೆಯ ಮೇಲೆ ಇತ್ತು. ಆ ಮಾತು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ.

ಓದುವ ಕೋಣೆ ತೆಗೆದಾಗ ಮೊದಲು ಒಳಗೆ ಬಂದವರೂ ಅವರೇ. ಶಂಭು ಕೊಳವೆಗೆ ಚಿಲ್ಲರೆ ತುಂಬುವುದನ್ನು ನೋಡುತ್ತ ನಿಂತರು. ದುರುಗಪ್ಪ ಎಂದು ಹೆಸರು ಹೇಳಿಕೊಂಡರು. ಮೊಮ್ಮಗಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿದೆ, ಹಾಸ್ಟೆಲ್ಲಿಗೆ ಅರ್ಜಿ ಕೊಡಲು ಇವತ್ತೇ ಕೊನೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಕೊಡದಿದ್ದರೆ ತಗೊಳ್ಳಲ್ಲವಂತೆ ಎಂದರು. ಹಾಸ್ಟೆಲ್ ಇಲ್ಲದಿದ್ದರೆ ಹುಡುಗಿ ಓದು ಬಿಡಬೇಕಾಗುತ್ತೆ ಎಂದೂ ಹೇಳಿದರು.

"ಇದನ್ನ ಹೇಗೆ ಇಡೋದು?"

ಶಂಭು ಕಾಗದ ತೆಗೆದುಕೊಂಡು ಗಾಜಿನ ಮೇಲೆ ಬೋರಲಾಗಿ ಇಟ್ಟ. ಒಂದು ಅಂಕಪಟ್ಟಿ, ಇನ್ನೊಂದು ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿ ಎಂದು ಬರೆದಿತ್ತು.

ದುರುಗಪ್ಪ ಅಂಗಿಯ ಜೇಬಿನಿಂದ ನಾಣ್ಯ ತೆಗೆದು ಸೀಳಿಗೆ ಹಾಕಿದರು.

ಟಣ್. ಬಟ್ಟಲಿಗೆ ಬಿತ್ತು.

ತೆಗೆದು ಮತ್ತೆ ಹಾಕಿದರು. ಮತ್ತೆ ಬಿತ್ತು. ಬೇರೆ ನಾಣ್ಯ ಹಾಕಿದರು. ಅದೂ ಬಿತ್ತು.

ಹಿಂದೆ ಹುಡುಗರು ಸಾಲಾಗಿ ನಿಂತರು. "ಅಜ್ಜಾ, ಒಂಚೂರು ಸರಿತೀರಾ?" ಎಂದು ಕಾರ್ಡ್ ತೂರಿಸಿ, ತಮ್ಮ ಕೆಲಸ ಮುಗಿಸಿಕೊಂಡು ಹೋದರು. ದುರುಗಪ್ಪ ಪಕ್ಕಕ್ಕೆ ಸರಿದು ನಿಂತರು. ಹಾಗೆ ಸರಿದು ನಿಲ್ಲುವುದು ಅವರಿಗೆ ಅಭ್ಯಾಸವಿದ್ದಂತೆ ಕಂಡಿತು.

ಶಂಭುವಿಗೆ ಮುಜುಗರವಾಯಿತು. "ಒಂದು ಕಾರ್ಡ್ ಮಾಡಿಸ್ಕೊಂಡ್ಬಿಡಿ, ಯಜಮಾನ್ರೆ. ಅದರದ್ದು ತೊಂದರೆ ಇಲ್ಲ."

"ಕಾರ್ಡು ದಿನಾ ಬರೋರಿಗೆ, ಮರಿಸ್ವಾಮಿ. ನಾನು ಇಲ್ಲಿಗೆ ದಿನಾ ಬರೋನಲ್ಲ."

ಅವರು ಗೋಡೆಯ ಗಡಿಯಾರ ನೋಡಿದರು. ಅಂಗೈ ಮೇಲಿನ ನಾಣ್ಯ ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು.

"ಹೊಳೇಲಿ ತೊಳ್ಕೊಂಡು ಬರ್ಲಾ?"

"ಯಾಕೆ?" ಎಂದ ಶಂಭು.

"ಇದಕ್ಕೆ ನೀವು ಹಾಕೋ ದುಡ್ಡು ತೊಳೆದಿದ್ದು. ನಂದು ತೊಳೀದೆ ಇರೋದು. ಅದಕ್ಕೇ ತಗೋತಿಲ್ವೇನೋ."

ಇದೆಂಥ ಮಾತು ಎಂದು ಶಂಭು ನಗಲು ಹೋದ. ದುರುಗಪ್ಪ ನಗುತ್ತಿರಲಿಲ್ಲ. ಬಾಗಿಲಲ್ಲಿ ಗುರುಗಳು ಬಂದು ನಿಂತಿದ್ದರು, ಅವರೂ ನಗುತ್ತಿರಲಿಲ್ಲ.

"ದುಡ್ಡು ಯಾಕೆ ತೊಳೀತಾರೆ ಅಂತ ನಿಮಗೆ ಗೊತ್ತಾ, ಯಜಮಾನ್ರೆ?" ಶಂಭು ಕೇಳಿದ.

"ನಿಮಗೆ ಗೊತ್ತಿಲ್ವಾ?"

"ಮೊದಲಿಂದ ಮಾಡ್ತಾರೆ ಅಂತ ಗೊತ್ತು."

ದುರುಗಪ್ಪ ಒಂದು ಗಳಿಗೆ ಗುರುಗಳ ಕಡೆ ನೋಡಿದರು. ಹೇಳಲೋ ಬೇಡವೋ ಎಂಬ ಹಾಗಿತ್ತು ಆ ನೋಟ. ಗುರುಗಳು ಹೇಳಿ ಎಂಬಂತೆ ತಲೆಯಾಡಿಸಿದರು.

"ಮೊದಲು ಅಂದ್ರೆ ನಾನು ನೋಡಿದ್ದೀನಿ," ಎಂದರು ದುರುಗಪ್ಪ. "ನಾನು ಚಿಕ್ಕೋನು. ನಮ್ಮಪ್ಪ ಸುಗ್ಗಿ ಆದ್ಮೇಲೆ ಇಲ್ಲಿಗೆ ಕಾಣಿಕೆ ತರೋನು. ಒಳಗೆ ಬರೋ ಹಾಗಿರ್ಲಿಲ್ಲ. ಆಚೆ ಒಂದು ಕಲ್ಲಿತ್ತು, ಅದ್ರ ಮೇಲೆ ದುಡ್ಡಿಟ್ಟು ದೂರ ಹೋಗಿ ನಿಲ್ತಿದ್ದ. ಒಳಗಿಂದ ಯಾರೋ ಬಂದು ದುಡ್ಡಿನ ಮೇಲೆ ನೀರು ಹುಯ್ದು, ಆಮೇಲೆ ಎತ್ಕೊಂಡು ಹೋಗೋರು."

ಶಂಭು ಅವರ ಅಂಗೈ ಮೇಲಿನ ನಾಣ್ಯ ನೋಡಿದ.

"ಬೇರೇವ್ರ ದುಡ್ಡಿಗೆ ಹುಯ್ತಿರ್ಲಿಲ್ಲ. ನಮ್ದಕ್ಕೆ ಮಾತ್ರ. ಆಮೇಲಾಮೇಲೆ ಡಬ್ಬಿ ಬಂತು, ಎಲ್ಲರ ದುಡ್ಡೂ ಒಂದೇ ಕಡೆ ಬೀಳೋಕೆ ಶುರುವಾಯ್ತು. ಯಾವುದು ನಮ್ದು, ಯಾವುದು ನಿಮ್ದು ಅಂತ ಹೆಂಗೆ ಗೊತ್ತಾಗ್ಬೇಕು? ಅದಕ್ಕೇ ಎಲ್ಲದಕ್ಕೂ ಹುಯ್ದುಬಿಡ್ತೀರೇನೋ ಅಂದ್ಕೊಂಡೆ. ಬೆಳಿಗ್ಗೆ ನಿಮ್ಮನ್ನ ನೋಡ್ದಾಗ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಹವೆಯ ವಿಚಾರ ಹೇಳುವ ದನಿಯಲ್ಲಿ ಹೇಳಿ ಮುಗಿಸಿದರು.

ಶಂಭು ತನ್ನ ಕೈ ನೋಡಿಕೊಂಡ. ಬೆರಳ ತುದಿ ಇನ್ನೂ ನೀರಿಗೆ ಸುಕ್ಕಾಗಿತ್ತು. ಎಷ್ಟು ದಿನ ಬೆಳಿಗ್ಗೆ, ಎಷ್ಟು ಶ್ರದ್ಧೆಯಿಂದ, ಮಂತ್ರ ಹೇಳಿಕೊಂಡು ಹುಯ್ದಿದ್ದ ಅವನು. ಯಾರ ಮೇಲೆ ಹುಯ್ದೆ ಎಂಬುದು ಈಗ ಗೊತ್ತಾಯಿತು. ನಾಚಿಕೆಯಿಂದ ಅವನಿಗೆ ನೆಲದಲ್ಲಿ ಹೂತುಹೋದರೆ ಸಾಕೆನಿಸಿತು.

"ಯಜಮಾನ್ರೆ, ದುಡ್ಡು ಬೇಡ. ಒಳಗಡೆ ಒಂದು ಕೀಲಿ ಇದೆ, ತಿರುಗಿಸಿದ್ರೆ ದುಡ್ಡಿಲ್ಲದೆ ಜೆರಾಕ್ಸ್ ತೆಗೀಬಹುದು. ಈಗಲೇ ತೆಗೆದುಕೊಡ್ತೀನಿ."

"ಬ್ಯಾಡ," ಎಂದರು ದುರುಗಪ್ಪ.

"ಹೊತ್ತಾಗುತ್ತೆ ನಿಮಗೆ."

"ಆಗ್ತದೆ. ಆದ್ರೂ ಬಿಟ್ಟಿ ಬ್ಯಾಡ. ದುಡ್ಡು ತಂದಿದ್ದೀನಿ. ಅದು ತಗೊಳ್ಳಲಿ."

ಶಂಭುವಿನ ಕಣ್ಣು ತುಂಬಿ ಬಂತು. ಬಗ್ಗಿ ಅವರ ಕಾಲು ಹಿಡಿಯಲು ಹೋದ. ಗುರುಗಳು ಹಿಂದಿನಿಂದ ಅವನ ರಟ್ಟೆ ಹಿಡಿದು ಎತ್ತಿದರು.

"ಆಮೇಲೆ ಅಳು. ಅವರಿಗೆ ಹೊತ್ತಾಗ್ತಿದೆ. ಪೆಟ್ಟಿಗೆ ತೆಗಿ."

ಶಂಭು ಪೆಟ್ಟಿಗೆ ತೆಗೆದ. ಕೊಳವೆಯಲ್ಲಿದ್ದ ಚಿಲ್ಲರೆಯನ್ನು ನೆಲಕ್ಕೆ ಸುರಿದ. ಬೆಳಿಗ್ಗೆ ತುಂಬಿದ ನಾಣ್ಯಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನಡುನಡುವೆ ತೇವ. ಗುರುಗಳು ನೆಲದ ಮೇಲೆ ಕೂತು, ಹೊದ್ದಿದ್ದ ಕಾವಿ ಶಲ್ಯವನ್ನು ತೆಗೆದು, ಒಂದೊಂದನ್ನೇ ಅದರಲ್ಲಿ ಒರೆಸತೊಡಗಿದರು.

ಸದ್ದು ಕೇಳಿ ಬಂದ ರುದ್ರಯ್ಯ ಬಾಗಿಲಲ್ಲಿ ನಿಂತು ನೋಡಿದ. "ಗುರುಗಳೇ, ಮಡಿಬಟ್ಟೆ," ಎಂದ.

ಗುರುಗಳು ಇನ್ನೊಂದು ನಾಣ್ಯ ಎತ್ತಿಕೊಂಡು ಒರೆಸಿದರು. ರುದ್ರಯ್ಯ ಬಂದ ದಾರಿಯಲ್ಲೇ ಹೊರಟುಹೋದ.

ಶಂಭು ಪಟ್ಟಿ ಬಿಚ್ಚಿ ಕಿಲುಬು ಉಜ್ಜಿದ. ನಾಣ್ಯವನ್ನು ಗುರುತು ಹಿಡಿಯುವ ಸಣ್ಣ ಕಣ್ಣೊಂದು ಒಳಗಿತ್ತು, ಅದರ ಮೇಲೆ ಪೊರೆ ಕಟ್ಟಿತ್ತು. ಅದನ್ನು ಬ್ರಷ್ಷಿನಿಂದ ಬಿಡಿಸಿ, ಒಣ ಬಟ್ಟೆಯ ತುದಿಯಿಂದ ಒರೆಸಿದ. ಒಂದು ತಿರುಪು ಬಿದ್ದು ಉರುಳಿಹೋಯಿತು, ಹುಡುಕಿ ತಂದು ಹಾಕಿದ. ದುರುಗಪ್ಪ ಗಡಿಯಾರ ನೋಡುತ್ತ ನಿಂತೇ ಇದ್ದರು. ಕುರ್ಚಿ ತಂದಿಟ್ಟರೂ ಕೂರಲಿಲ್ಲ.

ಒರೆಸಿದ ನಾಣ್ಯಗಳನ್ನು ಕೊಳವೆಗೆ ತುಂಬಿ, ಬಾಗಿಲು ಮುಚ್ಚಿ ಶಂಭು ಪಕ್ಕಕ್ಕೆ ನಿಂತ.

ದುರುಗಪ್ಪ ನಾಣ್ಯ ಹಾಕಿದರು. ಅದು ಒಳಗೆ ಉರುಳಿದ ಸದ್ದು ಕೇಳಿಸಿತು. ಬಟ್ಟಲಿಗೆ ಏನೂ ಬೀಳಲಿಲ್ಲ. ಹಸಿರು ದೀಪ ಹತ್ತಿತು.

ಅವರು ಗುಂಡಿ ಒತ್ತಿದರು. ಕಾಗದ ಬೆಚ್ಚಗೆ ಹೊರಗೆ ಬಂತು. ಇನ್ನೊಂದನ್ನು ಈ ಸಲ ತಾವೇ ಗಾಜಿನ ಮೇಲೆ ಇಟ್ಟು, ಅದನ್ನೂ ತೆಗೆದುಕೊಂಡರು. ಚಿಲ್ಲರೆ ಬಿದ್ದದ್ದನ್ನು ಬಟ್ಟಲಿನಿಂದ ಎತ್ತಿ ಜೇಬಿಗೆ ಹಾಕಿಕೊಂಡರು.

"ಬರ್ತೀನಿ, ಬುದ್ಧಿ," ಎಂದು ಗುರುಗಳಿಗೆ ಕೈ ಮುಗಿದು, ರಸ್ತೆ ದಾಟಿ ಕಚೇರಿಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ನೀರು ಎಲ್ಲಿಂದ ಬಂತು ಅಂತ ಗೊತ್ತಾಯ್ತು, ಗುರುಗಳೇ."

"ಎಲ್ಲಿಂದ?"

"ನನ್ನ ಕೈಯಿಂದ."

ಗುರುಗಳು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. ಅದರ ತುಂಬ ಹಸಿರು ಕಲೆ.

"ನಿನಗೆ ಯಾರು ತೋರಿಸಿದರು?"

"ದುರುಗಪ್ಪನವರು."

"ನಾನು ತೋರಿಸಲಿಲ್ಲವಲ್ಲ?"

"ಇಲ್ಲ."

"ಹಾಗಾದರೆ ನಾನು ದೀಕ್ಷೆ ಕೊಟ್ಟರೆ ಇನ್ನೊಬ್ಬರದ್ದನ್ನ ಕದ್ದು ಕೊಟ್ಟ ಹಾಗೆ. ಹೋಗು. ಅವರ ಹತ್ತಿರ ಕೇಳು."

ಇಷ್ಟು ವರ್ಷ ಶಂಭು ಕಾದದ್ದು ಯಾವ ಕೈಗಾಗಿಯೋ, ಆ ಕೈ ಅವನಿಗೆ ಬಾಗಿಲಾಚೆಯ ದಾರಿ ತೋರಿಸುತ್ತಿತ್ತು. ಸಂಜೆಯಾದರೆ ಗುರುಗಳು ಮೌನಕ್ಕೆ ಕೂರುತ್ತಾರೆ. ಮತ್ತೊಂದು ಅವಕಾಶವಿಲ್ಲ.

ಅವನು ಮೇಲುವಸ್ತ್ರವನ್ನೂ ಹೊದೆಯದೆ ಓಡಿದ.

ಕಚೇರಿಯಲ್ಲಿ ಉದ್ದ ಸಾಲಿತ್ತು. ದುರುಗಪ್ಪ ಒಳಗೆ ಹೋಗಿದ್ದರು. ಶಂಭು ಹೊರಗೆ ಬೇವಿನ ಮರದ ಕೆಳಗೆ ಕಾದ. ಬಿಸಿಲು ಏರಿತು, ಇಳಿಯಿತು. ಅವರ ಅರ್ಜಿ ತೆಗೆದುಕೊಂಡರೂ ರಸೀದಿ ಕೊಡಲು ಸಂಜೆವರೆಗೆ ಕೂರಿಸಿದ್ದರಂತೆ. ಹೊರಗೆ ಬಂದಾಗ ಅವರ ಮುಖ ಸೋತಿತ್ತು, ಆದರೆ ಕೈಯಲ್ಲಿ ರಸೀದಿ ಇತ್ತು.

ಅವರ ಊರಿನ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ.

ಶಂಭು ಅಡ್ಡ ಹೋಗಿ ಅವರ ಕಾಲಿಗೆ ಬಿದ್ದ. ದುರುಗಪ್ಪ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು.

"ಏಳಪ್ಪಾ. ಜನ ನೋಡ್ತಾರೆ. ಏನಾಯ್ತು?"

"ನನಗೆ ದೀಕ್ಷೆ ಕೊಡಿ."

"ನಾನಾ?"

"ಗುರುಗಳು ನಿಮ್ಮನ್ನೇ ಕೇಳು ಅಂದರು. ಏನಾದ್ರೂ ಹೇಳಿ. ಬೈದ್ರೂ ಸರಿ."

ದುರುಗಪ್ಪ ಅವನನ್ನೇ ನೋಡಿದರು.

"ನಿಮ್ಮನ್ನ ಬೈದು ನಾನೇನ್ ಮಾಡ್ಲಿ? ಬೈಬೇಕಾಗಿದ್ದೋನು ನಮ್ಮಪ್ಪ. ಅವನು ಆ ಕಲ್ಲಿನ ಹತ್ರ ಕೈ ಮುಗ್ಕೊಂಡೇ ನಿಂತಿದ್ದ, ಹೋಗ್ಬಿಟ್ಟ. ಅವನ ಪರವಾಗಿ 'ಹೋಗ್ಲಿ ಬಿಡಪ್ಪಾ' ಅಂತ ಹೇಳೋಕೆ ನಂಗೆ ಬರಾಕಿಲ್ಲ."

ಶಂಭು ಮಂಡಿಯ ಮೇಲೆಯೇ ಇದ್ದ. ಬಸ್ಸು ಹಾರ್ನ್ ಹೊಡೆಯಿತು.

"ನಮ್ಮ ಹುಡುಗಿ ಕಾಯ್ತಾ ಇರ್ತಾಳೆ, ಸುದ್ದಿ ಹೇಳ್ಬೇಕು," ಎಂದರು ದುರುಗಪ್ಪ. "ದಾರಿ ಬಿಡಿ."

ಶಂಭು ಎದ್ದು ಪಕ್ಕಕ್ಕೆ ಸರಿದು ನಿಂತ. ಅವರು ಹತ್ತಿ ಕಿಟಕಿಯ ಹತ್ತಿರ ಕೂತರು. ಹೊರಗೆ ನೋಡಲಿಲ್ಲ. ಬಸ್ಸು ಹೋಯಿತು.

ಅವನು ಆಶ್ರಮಕ್ಕೆ ಬಂದಾಗ ಹೊಳೆಯ ಆಚೆ ಚಂದ್ರ ಮೂಡುತ್ತಿದ್ದ. ಗುರುಗಳ ಕುಟೀರದ ಮುಂದೆ ಎಲ್ಲರೂ ಸೇರಿದ್ದರು. ಒಬ್ಬೊಬ್ಬರಾಗಿ ನಮಸ್ಕರಿಸಿ ಹಿಂದೆ ಸರಿಯುತ್ತಿದ್ದರು. ಕೊನೆಯಲ್ಲಿ ಶಂಭು ಬರಿಗೈಯಲ್ಲಿ ಬಂದು ನಿಂತ.

"ಏನು ಕೊಟ್ಟರು?" ಗುರುಗಳು ಕೇಳಿದರು.

"ಏನೂ ಕೊಡಲಿಲ್ಲ, ಗುರುಗಳೇ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ."

"ಏನಂದರು?"

"ದಾರಿ ಬಿಡಿ ಅಂದರು. ಬಸ್ ಹತ್ತಿ ಹೋದರು."

"ನೀನೇನು ಮಾಡಿದೆ?"

"ಬಿಟ್ಟೆ."

ಗುರುಗಳು ಬಾಗಿಲ ಚೌಕಟ್ಟು ಹಿಡಿದು ಕುಟೀರದೊಳಗೆ ಕಾಲಿಟ್ಟರು. ಮತ್ತೆ ತಿರುಗಿ ಅವನನ್ನು ನೋಡಿದರು.

"ನನ್ನ ಗುರುಗಳು ನನಗೆ ಕೊಟ್ಟ ಮಂತ್ರ ಅವರ ಈ ಎರಡು ಮಾತಿಗಿಂತ ಉದ್ದ ಇತ್ತು. ನಾನು ಅದನ್ನ ಜಪಿಸಿದೆ, ಅಷ್ಟೆ. ನೀನು ಇದನ್ನ ಮಾಡು."